1,969 ತುಣುಕುಗಳ ರಾಕೆಟ್

2018ರ ದೀಪಾವಳಿಗೆಂದು ಜರ್ಮನಿಯಿಂದ ಬಂದಿದ್ದ ನನ್ನ ಅಕ್ಕನ ಮಗ ದೊಡ್ಡದೊಂದು ಪೆಟ್ಟಿಗೆಯನ್ನು ತಂದು ನಮ್ಮ ಮನೆಯ ಜಗುಲಿಯ ಮೇಲಿಟ್ಟ. ಎತ್ತಿ ಅಲುಗಿಸಿದರೆ ಒಳಗೆ ಹುಣಿಸೆಬೀಜ ಅಲುಗಿದಂತೆ ಸದ್ದು. ‘ಮಾವ, ಇದು ನಿಮ್ಮ ಶಾಲೆಗೆ. ಪ್ರತಿ ವರ್ಷ ಬೋರ್ಡಿನ ಮೇಲೆ ರಾಕೆಟ್ ಬರೆದು ಅಳಿಸ್ತೀರಲ್ಲ, ಈ ಸಲ ಒಂದು ಕಟ್ಟಿ ನೋಡಿ’ ಎಂದ.

ಪೆಟ್ಟಿಗೆಯ ಮೇಲೆ ಸ್ಯಾಟರ್ನ್-5 ರಾಕೆಟ್ಟಿನ ಚಿತ್ರವಿತ್ತು. ಹದಿನಾಲ್ಕು ವರ್ಷ ಮೇಲ್ಪಟ್ಟವರಿಗೆ ಎಂದೂ ಬರೆದಿತ್ತು. ಪಕ್ಕದಲ್ಲಿ 1969 ಎಂಬ ಸಂಖ್ಯೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಇಸವಿ ಎಂದುಕೊಂಡೆ. ಆಮೇಲೆ ತಿಳಿಯಿತು, ಅದು ಒಳಗಿರುವ ತುಣುಕುಗಳ ಲೆಕ್ಕ! ‘ಇದೇನ್ರೀ, ಐವತ್ತು ದಾಟಿದ ಮೇಲೆ ಆಟದ ಸಾಮಾನು?’ ಎಂದು ನಮ್ಮಾಕೆ ನಕ್ಕಳು. ನನಗೂ ಒಳಗೊಳಗೇ ಹಾಗೆಯೇ ಅನಿಸಿತ್ತು. ಉಳ್ಳವರ ಮನೆಯ ಮಕ್ಕಳು ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ನಮ್ಮ ತಾಲೂಕು ಊರಿನ ಪ್ರೌಢಶಾಲೆಯ ಮಕ್ಕಳು ಕಲಿಯುವುದೇನಿದೆ?

ಆ ಪ್ರಶ್ನೆಗೆ ಉತ್ತರ ಸಿಗಲು ನನಗೆ ಐದು ವರ್ಷ ಬೇಕಾಯಿತು.

ಯಾರು ಬರೆದ ನಕ್ಷೆ?

ಈ ಇಟ್ಟಿಗೆಗಳ ಊರು ಡೆನ್ಮಾರ್ಕಿನ ಬಿಲ್ಲುಂಡ್. ಅಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆಗಳನ್ನು ಮಾಡತೊಡಗಿದ. ಡ್ಯಾನಿಶ್ ಭಾಷೆಯಲ್ಲಿ ‘ಚೆನ್ನಾಗಿ ಆಡು’ ಎಂಬರ್ಥದ ಎರಡು ಪದಗಳನ್ನು ಮೊಟಕುಗೊಳಿಸಿ ‘ಲೆಗೊ’ ಎಂಬ ಹೆಸರಿಟ್ಟ. ಮೇಲೆ ಉಬ್ಬುಗಳು, ಒಳಗೆ ಕೊಳವೆಗಳು ಇರುವ ಇಂದಿನ ಇಟ್ಟಿಗೆಗೆ ಪೇಟೆಂಟ್ ಕೋರಿದ್ದು ಅವನ ಮಗ, 1958ರ ಜನವರಿ 28ರಂದು. ಅಂದಿನ ಇಟ್ಟಿಗೆ ಇಂದಿನದಕ್ಕೂ ಸರಿಯಾಗಿ ಕೂರುತ್ತದೆ.

ಆದರೆ ನಮ್ಮ ರಾಕೆಟ್ಟಿನ ವಿನ್ಯಾಸ ಹುಟ್ಟಿದ್ದು ಆ ಕಂಪನಿಯ ಒಳಗಲ್ಲ. ಫೆಲಿಕ್ಸ್ ಸ್ಟೀಸೆನ್ ಮತ್ತು ವಾಲೆರಿ ರೋಶ್ ಎಂಬ ಇಬ್ಬರು ಹವ್ಯಾಸಿಗಳು ಕೂಡಿ ಮಾಡಿದ್ದು ಅದು. ಲೆಗೊ ಕಂಪನಿಯದೊಂದು ಪದ್ಧತಿಯಿದೆ. ಯಾರು ಬೇಕಾದರೂ ತಮ್ಮ ಮಾದರಿಯನ್ನು ಜನರ ಮುಂದಿಡಬಹುದು. ಹತ್ತು ಸಾವಿರ ಮಂದಿ ‘ನಮಗೂ ಇದು ಬೇಕು’ ಎಂದರೆ ಕಂಪನಿ ಅದನ್ನು ಪರಿಶೀಲನೆಗೆ ಎತ್ತಿಕೊಳ್ಳುತ್ತದೆ. ಒಪ್ಪಿಗೆಯಾದರೆ ಕಂಪನಿಯ ವಿನ್ಯಾಸಕಾರರು ಅದನ್ನು ತಿದ್ದಿ ಗಟ್ಟಿಗೊಳಿಸುತ್ತಾರೆ. ಮಾರಾಟದ ನಿವ್ವಳ ಹಣದಲ್ಲಿ ನೂರಕ್ಕೆ ಒಂದು ಪಾಲು ಮೂಲ ವಿನ್ಯಾಸಕಾರರಿಗೆ. ಹಾಗೆ ಸ್ಯಾಟರ್ನ್-5 ಮಾದರಿ 2017ರಲ್ಲಿ ಅಂಗಡಿಗೆ ಬಂತು, 2020ರಲ್ಲಿ ಮತ್ತೊಮ್ಮೆ ಬಂತು. ಈಗ ಅದರ ತಯಾರಿಕೆ ನಿಂತಿದೆ.

ಇದನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗ ಕೇಳಿದ: ‘ಸಾರ್, ಅವರು ಇಂಜಿನಿಯರಲ್ಲದಿದ್ದರೂ ಪರವಾಗಿಲ್ಲವಾ?’ ಪರವಾಗಿಲ್ಲ, ಮಾದರಿ ಮುರಿಯದೆ ನಿಂತರೆ ಸಾಕು ಎಂದೆ. ಆ ಉತ್ತರ ಅವನಿಗೆ ಬಹಳ ಹಿಡಿಸಿತು.

ಇಡ್ಲಿ ತಟ್ಟೆಯಲ್ಲಿ ರಾಕೆಟ್

ಶನಿವಾರ ನಮ್ಮಲ್ಲಿ ಬೆಳಗಿನ ಶಾಲೆ. ಮಕ್ಕಳು ಮನೆಗೆ ಹೋದ ಮೇಲೆ ಒಂಬತ್ತನೇ ತರಗತಿಯ ಆರು ಮಂದಿ ಪ್ರಯೋಗಾಲಯದಲ್ಲಿ ಉಳಿದುಕೊಂಡರು. ಚೀಲಗಳಿಗೆ ಅಂಕಿ ಹಾಕಿತ್ತು. ಒಂದು ಮುಗಿಸಿ ಇನ್ನೊಂದನ್ನು ಬಿಚ್ಚಬೇಕು. ಒಂದೇ ಚೀಲದಲ್ಲಿ ಹತ್ತಾರು ಬಗೆಯ ತುಣುಕುಗಳು, ಕೆಲವು ಕಡಲೆಕಾಳಿಗಿಂತ ಚಿಕ್ಕವು. ಕನ್ನಡಕ ಹಾಕಿದರೂ ನನ್ನ ಕಣ್ಣಿಗೆ ಒಂದರಂತೆ ಇನ್ನೊಂದು. ಅಡುಗೆಯವರಿಂದ ಎರವಲು ತಂದ ಮೊರದಲ್ಲಿ ಸುರಿದು, ಬಗೆಬಗೆಯಾಗಿ ಆರಿಸಿ, ನಮ್ಮ ಮನೆಯ ಇಡ್ಲಿ ತಟ್ಟೆಯ ಗುಳಿಗಳಲ್ಲಿ ತುಂಬಿದೆವು. ನಾಲ್ಕು ಅಂತಸ್ತಿನ ಇಡ್ಲಿ ತಟ್ಟೆಗಿಂತ ಒಳ್ಳೆಯ ವಿಂಗಡಣಾ ಪೆಟ್ಟಿಗೆಯನ್ನು ನಾನು ಇದುವರೆಗೆ ಕಂಡಿಲ್ಲ.

ಜೊತೆಗೆ ಬಂದ ಪುಸ್ತಕದಲ್ಲಿ ಅಕ್ಷರವೇ ಇಲ್ಲದ ಚಿತ್ರಪಾಠ. ಯಾವ ತುಣುಕು, ಎಷ್ಟು, ಎಲ್ಲಿ ಎಂಬುದಷ್ಟೇ. ಕನ್ನಡ ಮಾಧ್ಯಮದ ಮಕ್ಕಳಿಗೆ ಭಾಷೆಯ ಅಡ್ಡಿ ಇರಲಿಲ್ಲ.

ಮೊದಲ ಅಚ್ಚರಿ ಕಾದಿದ್ದು ರಾಕೆಟ್ಟಿನ ಹೊಟ್ಟೆಯಲ್ಲಿ. ಹೊರಗೆ ಬಿಳಿ-ಕಪ್ಪು ಬಣ್ಣದ ದುಂಡನೆಯ ಕಂಬ. ಒಳಗೆ ಕಟ್ಟತೊಡಗಿದರೆ ಬಣ್ಣಬಣ್ಣದ ಇಟ್ಟಿಗೆಗಳ ಚೌಕನೆಯ ತಿರುಳು! ಇಟ್ಟಿಗೆ ಚೌಕ, ರಾಕೆಟ್ಟು ದುಂಡು. ಇದು ಹೇಗೆ ಹೊಂದೀತು? ಉಪಾಯ ಇಲ್ಲಿದೆ. ತಿರುಳಿನ ನಾಲ್ಕೂ ಮುಖಗಳಲ್ಲಿ ಉಬ್ಬುಗಳು ಮೇಲ್ಮುಖವಾಗಿರದೆ ಹೊರಮುಖವಾಗಿರುತ್ತವೆ. ಬಾಗಿದ ತುಣುಕುಗಳ ಹೊದಿಕೆಯನ್ನು ಬೇರೆಯಾಗಿ ಕಟ್ಟಿ, ಗೋಡೆಗೆ ಫೋಟೋ ತೂಗುಹಾಕುವಂತೆ ಅವಕ್ಕೆ ಒತ್ತಬೇಕು.

ಇಟ್ಟಿಗೆಯನ್ನು ಅಡ್ಡ ತಿರುಗಿಸಿದರೂ ಅಳತೆ ತಪ್ಪುವುದಿಲ್ಲವೇಕೆ? ಬೀರುವಿನಿಂದ ವರ್ನಿಯರ್ ಕ್ಯಾಲಿಪರ್ಸ್ ತೆಗೆದುಕೊಟ್ಟು ನೀವೇ ಅಳೆಯಿರಿ ಎಂದೆ. ಉಬ್ಬಿನಿಂದ ಉಬ್ಬಿಗೆ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6. ತೆಳು ಬಿಲ್ಲೆಯ ಎತ್ತರ 3.2. ಮೂರು ಬಿಲ್ಲೆ ಸೇರಿದರೆ ಒಂದು ಇಟ್ಟಿಗೆ. ಐದು ಬಿಲ್ಲೆ ಸೇರಿದರೆ 16 ಮಿ.ಮೀ., ಅಂದರೆ ಸರಿಯಾಗಿ ಎರಡು ಉಬ್ಬುಗಳ ಅಗಲ. ಈ ಒಂದು ಲೆಕ್ಕದಿಂದಾಗಿ ನಿಂತ ಇಟ್ಟಿಗೆಗೂ ಮಲಗಿದ ಇಟ್ಟಿಗೆಗೂ ಹೊಂದಾಣಿಕೆ. ಲ.ಸಾ.ಅ. ಎಂದರೆ ಮುಖ ಸಿಂಡರಿಸುತ್ತಿದ್ದ ಮಕ್ಕಳು ಅಂದು ತಾವಾಗಿಯೇ ಅದನ್ನು ಕಂಡುಕೊಂಡರು.

ಎಂಟು ಉಬ್ಬುಗಳ ಎರಡು ಇಟ್ಟಿಗೆಗಳನ್ನು ಎಷ್ಟು ರೀತಿಯಲ್ಲಿ ಜೋಡಿಸಬಹುದು? 24. ಮೂರಾದರೆ 1,060. ಆರಾದರೆ? ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಗಣಿತಜ್ಞ ಸೋರೆನ್ ಐಲರ್ಸ್ ಕಂಪ್ಯೂಟರಿನ ನೆರವಿನಿಂದ ಎಣಿಸಿದ ಪ್ರಕಾರ 91,51,03,765! ಇನ್ನು 1,969 ತುಣುಕುಗಳಿಂದ ರಾಕೆಟ್ಟೇ ಆಗಬೇಕೆಂದರೆ ತಪ್ಪಲು ಎಷ್ಟು ದಾರಿಗಳಿರಬಹುದು, ನೀವೇ ಊಹಿಸಿ.

ನನ್ನ ಒಂದು ಇಟ್ಟಿಗೆ

ತಪ್ಪಿದ್ದು ನಾನೇ. ಮೊದಲ ಹಂತದ ತಿರುಳಿನಲ್ಲಿ ಪಕ್ಕಕ್ಕೆ ಉಬ್ಬಿರುವ ಒಂದು ಇಟ್ಟಿಗೆಯನ್ನು ಒಂದು ಮನೆ ಆಚೆಗೆ ಕೂರಿಸಿದ್ದೆ. ಎದುರಿಗೆ ಕುಳಿತಿದ್ದ ಹುಡುಗಿ ಆಗಲೇ, ‘ಸಾರ್, ಪುಸ್ತಕದಲ್ಲಿ ಬೇರೆ ಥರ ಇದೆ’ ಎಂದು ಮೆಲ್ಲಗೆ ಹೇಳಿದ್ದಳು. ‘ಸರಿಯಾಗೇ ಇದೆ, ಮುಂದೆ ನೋಡು’ ಎಂದುಬಿಟ್ಟೆ. ಅವಳು ಮತ್ತೆ ಮಾತಾಡಲಿಲ್ಲ.

ಎರಡು ಶನಿವಾರಗಳ ನಂತರ ಹೊದಿಕೆ ಕೂರಿಸುವಾಗ ಒಂದು ಮುಖ ಉಬ್ಬಿಕೊಂಡಿತು. ಒತ್ತಿದೆವು, ಇನ್ನೊಂದು ಕಡೆ ಬಾಯಿಬಿಟ್ಟಿತು. ಜೋರಾಗಿ ಒತ್ತಿದರೆ ಕೂತೀತು ಎಂದು ಒಬ್ಬ, ಫೆವಿಕಾಲ್ ಹಾಕೋಣ ಎಂದು ಮತ್ತೊಬ್ಬ. ಕೊನೆಗೆ ಅದೇ ಹುಡುಗಿ ಪುಸ್ತಕವನ್ನು ಹಿಂದಕ್ಕೆ ಮಗುಚಿ, ಆ ಪುಟ ತೆಗೆದು, ಏನೂ ಹೇಳದೆ ನನ್ನ ಮುಂದಿಟ್ಟಳು. ಮೂವತ್ತಕ್ಕೂ ಹೆಚ್ಚು ಹೆಜ್ಜೆಗಳ ಕೆಲಸವನ್ನು ಬಿಚ್ಚಬೇಕಾಯಿತು. ಬಿಚ್ಚುತ್ತ ಮಕ್ಕಳೆದುರಿಗೇ ಹೇಳಿದೆ: ‘ತಪ್ಪು ನನ್ನದು. ಇವಳು ಅಂದೇ ಹೇಳಿದ್ದಳು, ನಾನು ಕೇಳಲಿಲ್ಲ.’ ಇಪ್ಪತ್ತೈದು ವರ್ಷ ಪಾಠ ಮಾಡಿದ ಮೇಷ್ಟರಿಗೆ ಈ ಎರಡು ವಾಕ್ಯ ಸುಲಭವಾಗಿ ಬಾಯಿಗೆ ಬರುವಂಥವಲ್ಲ. ಅಂದಿನಿಂದ ಪ್ರತಿ ಹೆಜ್ಜೆಯನ್ನು ಒಬ್ಬರು ಕೂರಿಸುವುದು, ಇನ್ನೊಬ್ಬರು ಪುಸ್ತಕ ನೋಡಿ ‘ಸರಿ’ ಎನ್ನುವುದು ಎಂಬ ನಿಯಮ ಮಾಡಿಕೊಂಡೆವು. ನಿಯಮ ನನಗೂ ಅನ್ವಯ.

ಅಸಲಿ ಸ್ಯಾಟರ್ನ್-5 ಕಟ್ಟಿದವರೂ ಇಂಥದ್ದನ್ನು ಎದುರಿಸಿದ್ದರು. ಅದರ ಎಫ್-1 ಇಂಜಿನ್ನಿನೊಳಗೆ ಜ್ವಾಲೆ ಏಕರೀತಿಯಲ್ಲಿ ಉರಿಯದೆ ಹೊಯ್ದಾಡಿ ಇಂಜಿನ್ನನ್ನೇ ಒಡೆದುಹಾಕುತ್ತಿತ್ತು. ಲೆಕ್ಕಾಚಾರದಿಂದ ಪರಿಹಾರ ಸಿಗಲಿಲ್ಲ. ತಂತ್ರಜ್ಞರು ಉರಿಯುತ್ತಿರುವ ಇಂಜಿನ್ನಿನೊಳಗೆ ಚಿಕ್ಕ ಸಿಡಿಮದ್ದನ್ನು ಸಿಡಿಸಿ, ಬೇಕೆಂದೇ ಜ್ವಾಲೆಯನ್ನು ಕದಡಿ, ಅದು ತಾನಾಗಿ ಶಾಂತವಾಗುವುದೇ ಎಂದು ನೋಡಿದರು. ಇಂಧನ ಚಿಮ್ಮುವ ತಟ್ಟೆಗೆ ಅಡ್ಡಗೋಡೆಗಳನ್ನಿಟ್ಟು, ತಿದ್ದಿ ತಿದ್ದಿ, ಕೊನೆಗೆ ಗೆದ್ದರು. ಆ ಕಥೆಯನ್ನು ಮಕ್ಕಳಿಗೆ ಹೇಳಿದ್ದು ನಾವು ನಮ್ಮ ಮೊದಲ ಹಂತವನ್ನು ಎರಡನೇ ಸಲ ಕಟ್ಟುತ್ತಿದ್ದಾಗ.

ನೂರಹತ್ತರಲ್ಲಿ ಒಂದು

ಮಾದರಿಯ ಎತ್ತರ ಸುಮಾರು ಒಂದು ಮೀಟರ್. ಅಸಲಿ ರಾಕೆಟ್ಟಿನದು 110.6 ಮೀಟರ್. ಅಂದರೆ ಪ್ರಮಾಣ 1:110. ಈ ಒಂದು ಅನುಪಾತ ನಮಗೆ ಒಂದು ಇಡೀ ತಿಂಗಳ ಗಣಿತವನ್ನು ಒದಗಿಸಿತು.

ಈ ಪ್ರಮಾಣದಲ್ಲಿ ಮನುಷ್ಯನ ಎತ್ತರ ಒಂದೂವರೆ ಸೆಂಟಿಮೀಟರ್. ಚಂದ್ರನ ವ್ಯಾಸ ಸುಮಾರು 32 ಕಿಲೋಮೀಟರ್. ಭೂಮಿಯಿಂದ ಚಂದ್ರನಿಗಿರುವ 3,84,400 ಕಿ.ಮೀ. ದೂರವನ್ನು 110ರಿಂದ ಭಾಗಿಸಿದರೆ ಸುಮಾರು 3,500 ಕಿ.ಮೀ. ಭಾರತದ ಉತ್ತರ-ದಕ್ಷಿಣ ಉದ್ದವೇ 3,214 ಕಿ.ಮೀ. ಮೇಜಿನ ಮೇಲಿದ್ದ ನಮ್ಮ ಒಂದು ಮೀಟರ್ ರಾಕೆಟ್ಟು ಇಡೀ ದೇಶವನ್ನು ದಾಟಿ ಆಚೆಗೆ ಹೋಗಬೇಕು! ಈ ಲೆಕ್ಕ ಬೋರ್ಡಿನ ಮೇಲೆ ಬಂದಾಗ ಯಾರೂ ಮಾತಾಡಲಿಲ್ಲ.

ತೂಕದ ಲೆಕ್ಕದಲ್ಲಿ ಮಕ್ಕಳು ಎಡವಿದರು. ಎಲ್ಲರೂ 110ರಿಂದ ಭಾಗಿಸಿದರು. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 110ರ ಘನದಿಂದ, ಅಂದರೆ 13,31,000ದಿಂದ ಭಾಗಿಸಬೇಕು. ಸುಮಾರು 2,900 ಟನ್ನಿನ ರಾಕೆಟ್ಟು ಆಗ ಎರಡು ಕಿಲೋ ಇನ್ನೂರು ಗ್ರಾಮಿಗೆ ಇಳಿಯುತ್ತದೆ. ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಇಂಧನ ಮತ್ತು ದ್ರವ ಆಮ್ಲಜನಕ. ಉಳಿದ ರಾಕೆಟ್ಟು, ಇಂಜಿನ್ನು, ನೌಕೆ, ಮೂವರು ಮನುಷ್ಯರು ಎಲ್ಲ ಸೇರಿ ಇನ್ನೂರು ಗ್ರಾಮಿನ ಆಸುಪಾಸು. ಎರಡು ಲೀಟರ್ ನೀರು ತುಂಬಿದ ಪಾತ್ರೆ ಇನ್ನೂರು ಗ್ರಾಂ ಮಾತ್ರ ತೂಗಬೇಕು, ಹಾಗೂ ಅದು ಸೋರಬಾರದು, ಸೀಳಬಾರದು ಎಂದರೆ ಎಷ್ಟು ಕಷ್ಟ ನೋಡಿ!

ಹಂತಗಳನ್ನೇಕೆ ಕಳಚಿ ಎಸೆಯುತ್ತಾರೆ ಎಂಬುದನ್ನು ಆಗ ವಿವರಿಸಬೇಕಾದ ಅಗತ್ಯವೇ ಬೀಳಲಿಲ್ಲ. ಮೊದಲ ಹಂತದ ಐದು ಇಂಜಿನ್ನುಗಳು ಶುದ್ಧೀಕರಿಸಿದ ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕವನ್ನು ಸೆಕೆಂಡಿಗೆ ಸುಮಾರು 13 ಟನ್ನಿನಂತೆ ಕುಡಿಯುತ್ತವೆ. ಎರಡೂವರೆ ನಿಮಿಷ ಕಳೆದು ಸ್ವಲ್ಪ ಹೊತ್ತಿಗೆ ತೊಟ್ಟಿ ಬರಿದು. ಬರಿದಾದ ತೊಟ್ಟಿಯನ್ನು ಹೊತ್ತು ಓಡುವವರುಂಟೆ? ಕಳಚಿದರೆ ಎರಡನೆಯದು, ದ್ರವ ಜಲಜನಕದ ಐದು ಇಂಜಿನ್ನುಗಳದು. ಅದೂ ಬಿದ್ದ ಮೇಲೆ ಮೂರನೆಯದು, ಒಂದೇ ಇಂಜಿನ್ನಿನದು. ಒಮ್ಮೆ ಆರಿಸಿ ಮತ್ತೆ ಹೊತ್ತಿಸಬಲ್ಲದ್ದು. ನಮ್ಮ ಮಾದರಿಯಲ್ಲೂ ಮೂರೂ ಹಂತಗಳು ಕಳಚುತ್ತವೆ. ತುದಿಯಲ್ಲಿ ಚಂದ್ರನ ಮೇಲಿಳಿಯುವ ಪುಟ್ಟ ನೌಕೆಯೂ ಇದೆ.

ಇಷ್ಟೆಲ್ಲ ಹೋಗಿ ಭೂಮಿಗೆ ಮರಳಿ ಬಂದಿದ್ದೇನು? ಮೂವರು ಕುಳಿತಿದ್ದ ಶಂಕುವಿನಾಕಾರದ ಕೋಶ ಮಾತ್ರ. ನಮ್ಮ ಪ್ರಮಾಣದಲ್ಲಿ ಅದರ ಎತ್ತರ ಮೂರು ಸೆಂಟಿಮೀಟರು ಚಿಲ್ಲರೆ. ನೂರು ಸೆಂಟಿಮೀಟರ್ ಹೋಗಿ ಮೂರು ಸೆಂಟಿಮೀಟರ್ ಬಂತು. ಹುಡುಗರು ಅದನ್ನು ಅಂಗೈಯಲ್ಲಿಟ್ಟುಕೊಂಡು ಒಬ್ಬರಿಂದೊಬ್ಬರಿಗೆ ದಾಟಿಸಿದರು.

ಬೀಗ ಬಿದ್ದ ಬೀರು

2019ರ ಜುಲೈ 16ಕ್ಕೆ ಅಪೊಲೊ-11 ಹಾರಿ ಐವತ್ತು ವರ್ಷ. ಅಷ್ಟರೊಳಗೆ ರಾಕೆಟ್ಟು ಸಿದ್ಧವಾಗಿತ್ತು. ಅದೇ ತಿಂಗಳು ಶ್ರೀಹರಿಕೋಟದಲ್ಲಿ ನಮ್ಮ ಚಂದ್ರಯಾನ-2 ಸಜ್ಜಾಗಿತ್ತು. ಮಕ್ಕಳು ಬಟ್ಟೆ ಅಂಗಡಿಯಿಂದ ರಟ್ಟಿನ ಕೊಳವೆ ಬೇಡಿ ತಂದು, ಡ್ರಾಯಿಂಗ್ ಹಾಳೆ ಸುತ್ತಿ, 1:110ರ ಪ್ರಮಾಣದಲ್ಲೇ ಅದರ ವಾಹನವನ್ನೂ ಮಾಡಿದರು. ಸುಮಾರು 43.5 ಮೀಟರಿನ ರಾಕೆಟ್ಟು ನಮ್ಮಲ್ಲಿ ಮೂವತ್ತೊಂಬತ್ತೂವರೆ ಸೆಂಟಿಮೀಟರ್ ಆಯಿತು. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದಾಗ, ಚಿಕ್ಕ ರಾಕೆಟ್ಟು ನೇರವಾಗಿ ಚಂದ್ರನತ್ತ ಧಾವಿಸದೆ ಭೂಮಿಯನ್ನು ಸುತ್ತಿ ಸುತ್ತಿ ದಾರಿ ಹಿಗ್ಗಿಸಿಕೊಳ್ಳುವುದೇಕೆ ಎಂಬುದು ಕಣ್ಣಿಗೇ ಕಂಡಿತು.

ಜುಲೈ 15ರ ಉಡಾವಣೆ ಇನ್ನೊಂದು ಗಂಟೆಯೂ ಇಲ್ಲದಿರುವಾಗ ನಿಂತಿತು. 22ರಂದು ಹಾರಿತು. ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಕ್ರಮ್ ಚಂದ್ರನ ನೆಲದ ಸಮೀಪ ಸಂಪರ್ಕ ಕಳೆದುಕೊಂಡಿತು. ಮರುವಾರ ಮಕ್ಕಳು ಸಪ್ಪಗಿದ್ದರು. ‘ಯಾವುದೋ ಒಂದು ಇಟ್ಟಿಗೆ ಆಚೆಗೆ ಕೂತಿರಬೇಕು ಸಾರ್, ಹುಡುಕ್ತಾರೆ’ ಎಂದಳು ಅದೇ ಹುಡುಗಿ.

ಪ್ರದರ್ಶನ ಚೆನ್ನಾಗಿ ನಡೆಯಿತು. ಬಂದವರೆಲ್ಲ ರಾಕೆಟ್ಟಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಆಗಿನ ಮುಖ್ಯೋಪಾಧ್ಯಾಯರು ಸಂತೋಷದಿಂದ, ‘ಮೇಷ್ಟ್ರೇ, ಇದನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿಬಿಡಿ. ಹುಡುಗರ ಕೈಗೆ ಸಿಕ್ಕರೆ ಉಳಿಯೋದಿಲ್ಲ’ ಎಂದರು. ಸ್ಟಾಕ್ ರಿಜಿಸ್ಟರಿನಲ್ಲಿ ‘ರಾಕೆಟ್ ಮಾದರಿ - 1’ ಎಂದು ದಾಖಲಾಯಿತು. ನಾನು ಎದುರಾಡಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಿತ್ತು. ಅದೇ ಬೀರುವಿನಲ್ಲಿ ನಾನೇ ಬೀಗ ಹಾಕಿಟ್ಟ ಸೂಕ್ಷ್ಮದರ್ಶಕವಿತ್ತು, ಮುರಿದೀತು ಎಂಬ ಭಯಕ್ಕೆ ವರ್ಷಕ್ಕೊಮ್ಮೆ ದೂರದಿಂದ ತೋರಿಸುವ ಪಟ್ಟಕವಿತ್ತು. ನಮ್ಮ ಶಾಲೆಗಳ ವಿಜ್ಞಾನ ಬಹುಪಾಲು ಇರುವುದೇ ಗಾಜಿನ ಹಿಂದೆ, ಅಲ್ಲವೆ?

ಆಮೇಲೆ ಕೋವಿಡ್ ಬಂದು ಶಾಲೆ ಮುಚ್ಚಿತು. ತೆರೆದಾಗ ಬೀರುವಿನ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಕಟ್ಟಿದ್ದ ಆರು ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿ ಹೋಗಿದ್ದರು.

‘ಒಳಗೆ ಏನಿದೆ ಸಾರ್?’

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ನೌಕೆ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ವಿಜ್ಞಾನಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದ್ದನ್ನು ನೀವೂ ಟಿ.ವಿ.ಯಲ್ಲಿ ನೋಡಿರುತ್ತೀರಿ. ಮರುದಿನ ಎಂಟನೇ ತರಗತಿಯ ಒಬ್ಬ ಪುಟ್ಟ ಹುಡುಗಿ ಬೀರುವಿನ ಗಾಜಿಗೆ ಮೂಗೊತ್ತಿ ನಿಂತಿದ್ದಳು. ‘ಸಾರ್, ಇದರ ಒಳಗೆ ಏನಿದೆ?’

ಹೇಳಿದೆ. ಚೌಕನೆಯ ತಿರುಳು, ಹೊರಮುಖದ ಉಬ್ಬುಗಳು, ಐದು ಬಿಲ್ಲೆಗೆ ಎರಡು ಉಬ್ಬು ಎಲ್ಲ ಹೇಳಿದೆ. ತಲೆಯಾಡಿಸಿದಳು. ಆದರೆ ಮುಖ ನೋಡಿದರೆ ತಿಳಿಯುತ್ತಿತ್ತು, ಒಂದೂ ಅರ್ಥವಾಗಿರಲಿಲ್ಲ. ನನ್ನ ಬೋರ್ಡಿನ ಚಿತ್ರಕ್ಕೂ ಗಾಜಿನೊಳಗಿನ ಈ ರಾಕೆಟ್ಟಿಗೂ ಅವಳ ಪಾಲಿಗೆ ವ್ಯತ್ಯಾಸವೇ ಇರಲಿಲ್ಲ. ಕಟ್ಟಿದ ಆರು ಮಂದಿ ಅದನ್ನು ಅರಿತಿದ್ದರು. ನೋಡಿದ ನೂರಾರು ಮಂದಿ ನೋಡಿದ್ದರು, ಅಷ್ಟೆ.

ಬಿಚ್ಚಬೇಕು ಎಂದು ಅಂದೇ ತೀರ್ಮಾನಿಸಿದೆ. ಆದರೆ ಸ್ಟಾಕ್ ರಿಜಿಸ್ಟರ್? ‘ಆಡಿಟ್‌ನವರು ಬಂದು ರಾಕೆಟ್ ಎಲ್ಲಿ ಅಂದರೆ ಇಡ್ಲಿ ತಟ್ಟೆ ತೋರಿಸ್ತೀರಾ ಮೇಷ್ಟ್ರೇ?’ ಎಂದರು ಈಗಿನ ಮುಖ್ಯೋಪಾಧ್ಯಾಯರು. ತಮಾಷೆಯಂತೆ ಕಂಡರೂ ಮಾತು ಗಂಭೀರವಾದದ್ದೇ. ಒಂದು ತುಣುಕು ಕಳೆದರೂ ಹೊಣೆ ನನ್ನದು; ಬದಲಿ ತರೋಣವೆಂದರೆ ಆ ಮಾದರಿ ಅಂಗಡಿಯಲ್ಲಿಲ್ಲ. ಎರಡು ದಿನ ಯೋಚಿಸಿ, ನನ್ನ ಹೊಣೆಯೆಂದು ಬರೆದು ಸಹಿ ಹಾಕಿಕೊಟ್ಟೆ.

ತುದಿಯಿಂದ ಬುಡದವರೆಗೆ ಬಿಚ್ಚಲು ಎರಡು ಶನಿವಾರ ಸಾಕಾಯಿತು. ಕಟ್ಟಲು ಬೇಕಾಗಿದ್ದು ಐದು ತಿಂಗಳು! ಎಣಿಸಿದೆವು: 1,966. ಮೂರು ತುಣುಕು ಕಡಿಮೆ. ಒಂದು ಬೀರುವಿನ ಮೂಲೆಯ ಧೂಳಿನಲ್ಲಿ ಸಿಕ್ಕಿತು. ಎರಡು ಸಿಗಲೇ ಇಲ್ಲ. ಎರಡೂ ಒಳ ತಿರುಳಿನವು. ಪೆಟ್ಟಿಗೆಯಲ್ಲಿ ಹೆಚ್ಚುವರಿಯಾಗಿ ಬಂದಿದ್ದ ತುಣುಕುಗಳು ಆ ಜಾಗಕ್ಕೆ ಹೊಂದುವಂಥವಲ್ಲ. ಎಂಟನೇ ತರಗತಿಯವರು ಪುಸ್ತಕ ನೋಡಿ, ತಲೆ ಕೆರೆದುಕೊಂಡು, ಒಂದು ಕಡೆ ಎರಡು ಬಿಲ್ಲೆಗಳನ್ನು ಬೇರೆ ರೀತಿ ಅಡ್ಡಹಾಸಿ, ಇನ್ನೊಂದು ಕಡೆ ಖಾಲಿಯೇ ಬಿಟ್ಟು ಮೇಲಿನ ಭಾರವನ್ನು ಪಕ್ಕದ ಇಟ್ಟಿಗೆಗೆ ದಾಟಿಸಿದರು. ರಾಕೆಟ್ಟು ನಿಂತಿತು. ಹೊರಗಿನಿಂದ ನೋಡಿದರೆ ಯಾರಿಗೂ ತಿಳಿಯದು. ಇಬ್ಬರು ಹವ್ಯಾಸಿಗಳು ರೂಪಿಸಿದ ನಕ್ಷೆಗೆ ನಮ್ಮ ಮಕ್ಕಳೂ ಒಂದು ತಿದ್ದುಪಡಿ ಹಾಕಿದಂತಾಯಿತು.

ಈಗ ಪ್ರತಿ ವರ್ಷ ಎಂಟನೇ ತರಗತಿಯವರು ಜೂನ್‌ನಿಂದ ಕಟ್ಟುತ್ತಾರೆ, ಬೇಸಿಗೆ ರಜೆಗೆ ಮುಂಚೆ ಬಿಚ್ಚಿ, ಎಣಿಸಿ, ಮುಂದಿನವರಿಗೆ ಒಪ್ಪಿಸುತ್ತಾರೆ. ಸೂಕ್ಷ್ಮದರ್ಶಕವೂ ಹೊರಗೆ ಬಂದಿದೆ. ಅದರ ಒಂದು ಮಸೂರಕ್ಕೆ ಗೀರು ಬಿದ್ದಿದೆ, ಇರಲಿ. ಬೀರುವಿಗೆ ಬೀಗ ಇನ್ನೂ ಇದೆ. ಒಳಗಿರುವುದು ಆಮ್ಲದ ಸೀಸೆಗಳು ಮಾತ್ರ.

ನನ್ನ ನಿವೃತ್ತಿಗೆ ಇನ್ನು ಹೆಚ್ಚು ದಿನ ಉಳಿದಿಲ್ಲ. ಚಾರ್ಜು ಒಪ್ಪಿಸುವ ದಿನ ಬರುವವರಿಗೆ ಗೊಂದಲವಾಗದಿರಲೆಂದು ಸ್ಟಾಕ್ ರಿಜಿಸ್ಟರಿನ ಆ ಸಾಲನ್ನು ಮುಖ್ಯೋಪಾಧ್ಯಾಯರ ಅನುಮತಿ ಪಡೆದು ತಿದ್ದಿದ್ದೇನೆ: ‘ರಾಕೆಟ್ ಮಾದರಿ, ಬಿಡಿ ತುಣುಕುಗಳು - 1,967. ಕಟ್ಟಲು.’